ಎಲ್ಲಿ ಒತ್ತಬಾರದು ಅನ್ನೋದನ್ನು ಮೊದಲು ಕಲಿಯಿರಿ

ಹೋದ ತಿಂಗಳು ಕತ್ತು ನೋವಿನ ಪ್ರಶ್ನೆಗೆ ಉತ್ತರ ಬರೆಯುವಾಗ ನಡುವೆ ಒಂದು ಮಾತು ಸೇರಿಸಿದ್ದೆ: ನಾನು ಡಾಕ್ಟರಲ್ಲ, ಇಪ್ಪತ್ತೆರಡು ವರ್ಷದಿಂದ ಮಾಲೀಶ್ ಮಾಡಿಕೊಂಡು, ಈಗ ಹುಡುಗ ಹುಡುಗಿಯರಿಗೆ ಅದನ್ನೇ ಹೇಳಿಕೊಡುತ್ತಿರುವವಳು ಅಂತ. ಅಷ್ಟಕ್ಕೇ ಈ ಸಲ ಬಂದ ಪತ್ರಗಳೆಲ್ಲ ಅದರ ಬಗ್ಗೆಯೇ. ಈ ಕೆಲಸ ಕಲಿಯಬೇಕು ಅನ್ನುವವರು, ಆಗಲೇ ಮಾಡುತ್ತಿರುವವರು, ಮಾಡಿಸಿಕೊಂಡು ಪೇಚಾಡಿದವರು. ಎಲ್ಲಕ್ಕೂ ಜಾಗ ಇಲ್ಲ, ಆದಷ್ಟು ಬರೆದಿದ್ದೇನೆ.

ಪಿಯುಸಿ ಆರ್ಟ್ಸ್ ಮುಗಿಸಿದ್ದೇನೆ. ನಮ್ಮೂರ ಹತ್ತಿರದ ಆಯುರ್ವೇದ ಆಸ್ಪತ್ರೆಯಲ್ಲಿ ಮಾಲೀಶ್ ಕೆಲಸಕ್ಕೆ ಹುಡುಗರು ಬೇಕಂತೆ, ಅವರೇ ಕಲಿಸುತ್ತಾರಂತೆ. ಸೈನ್ಸ್ ಓದದವನಿಗೆ ಇದು ಆಗುತ್ತಾ? ಮೊದಲು ಏನು ಕಲಿಯಬೇಕು?
– ಓದುಗ, ಹಾಸನ

ಆಗುತ್ತೆ ತಮ್ಮಾ. ನಾನೂ ಆರ್ಟ್ಸ್‌ನವಳೇ. ಆದರೆ ಸೈನ್ಸ್ ತಪ್ಪಿಸಿಕೊಂಡೆ ಅಂತ ಖುಷಿಪಡಬೇಡ, ಅದು ಇಲ್ಲಿ ಮತ್ತೆ ಸಿಗುತ್ತೆ.

ಸೇರಿದ ಮೊದಲ ದಿನವೇ ಎಲ್ಲರಿಗೂ ಕೈ ಓಡಿಸುವ ಆಸೆ. ಎಣ್ಣೆ ಸುರಿದು ಉದ್ದಕ್ಕೆ ಎಳೆಯೋದು ಒಂದು ವಾರದಲ್ಲಿ ಬಂದುಬಿಡುತ್ತೆ, ಅದರಲ್ಲಿ ಏನೂ ದೊಡ್ಡದಿಲ್ಲ. ಕೈ ಕೆಳಗೆ ಏನಿದೆ ಅಂತ ಗೊತ್ತಾಗೋಕೆ ವರ್ಷ ಬೇಕು. ಮೈಯಲ್ಲಿ 206 ಮೂಳೆ, ಆರುನೂರಕ್ಕೂ ಜಾಸ್ತಿ ಸ್ನಾಯು. ಅಷ್ಟೂ ಬಾಯಿಪಾಠ ಬೇಡ. ಮೊದಲ ವರ್ಷಕ್ಕೆ ಮೂವತ್ತು ನಲವತ್ತು ಸ್ನಾಯು ಸಾಕು. ಆದರೆ ಒಂದೊಂದೂ ಯಾವ ಮೂಳೆಯಿಂದ ಹೊರಟಿದೆ, ಯಾವುದಕ್ಕೆ ಹೋಗಿ ಅಂಟಿದೆ, ಕುಗ್ಗಿದಾಗ ಏನನ್ನು ಎಳೆಯುತ್ತೆ ಅನ್ನೋದು ಪಕ್ಕಾ ಇರಬೇಕು. ಹೆಸರು ಮರೆತರೂ ಪರವಾಗಿಲ್ಲ, ಇದು ಮರೆಯಬಾರದು.

ಈಗಲೇ ಒಂದು ಮಾಡಿ ನೋಡು. ಬಲ ಮೊಣಕೈಯನ್ನು ಅರ್ಧ ಮಡಚಿ, ಎಡಗೈಯನ್ನು ತೋಳಿನ ಮುಂಭಾಗದ ಉಬ್ಬಿನ ಮೇಲೆ ಇಡು. ಬೈಸೆಪ್ಸ್, ಜಿಮ್ ಹುಡುಗರು ಕನ್ನಡಿ ಮುಂದೆ ತೋರಿಸಿಕೊಳ್ಳೋದು. ಈಗ ಮೊಣಕೈ ಅಲ್ಲಾಡಿಸದೆ, ಸ್ಕ್ರೂ ಬಿಗಿ ಮಾಡುವ ಹಾಗೆ ಅಂಗೈಯನ್ನು ಮೇಲಕ್ಕೆ ತಿರುಗಿಸು. ಎಡಗೈ ಕೆಳಗೆ ಉಬ್ಬು ಗಟ್ಟಿಯಾಯ್ತು ಅಲ್ವಾ? ಅದು ಕೈ ಮಡಚುವ ಸ್ನಾಯು ಅಂತ ಎಲ್ಲರಿಗೂ ಗೊತ್ತು, ಅಂಗೈ ತಿರುಗಿಸೋದೂ ಅದೇ ಅಂತ ನಿನ್ನ ಕೈಗೆ ಈಗ ಗೊತ್ತಾಯ್ತು. ನಾಳೆ ಒಬ್ಬ ಬಡಗಿ ಬಂದು "ಭಾರ ಏನೂ ಎತ್ತಲ್ಲಮ್ಮ, ಆದರೂ ತೋಳು ನೋಯುತ್ತೆ" ಅಂದರೆ, ಸ್ಕ್ರೂ ಡ್ರೈವರ್ ಎಷ್ಟು ಹೊತ್ತು ಹಿಡಿಯುತ್ತೀರಿ ಅಂತ ನೀನು ಕೇಳುತ್ತೀಯ. ಬೇರೆಯವನು ಸುಮ್ನೆ ತಿಕ್ಕುತ್ತಾನೆ.

ಕತ್ತು ನೋವು ಅಂತ ಬಂದವರ ಕತ್ತನ್ನೇ ಅರ್ಧ ಗಂಟೆ ತಿಕ್ಕುವವರನ್ನು ನೋಡಿದ್ದೇನೆ. ಟ್ರೆಪೀಜಿಯಸ್ ಅನ್ನುವ ಸ್ನಾಯು ತಲೆಬುರುಡೆಯ ಹಿಂಭಾಗದಲ್ಲಿ ಶುರುವಾಗಿ, ಪಕ್ಕಕ್ಕೆ ಹೆಗಲ ತುದಿವರೆಗೂ, ಕೆಳಗೆ ಕೊನೆಯ ಪಕ್ಕೆಲುಬು ಕೂಡುವ ಬೆನ್ನುಮೂಳೆಯವರೆಗೂ ಗಾಳಿಪಟದ ಹಾಗೆ ಹರಡಿಕೊಂಡಿದೆ. ಕತ್ತಿನಲ್ಲಿ ನೋವು ಹೇಳುವವರಿಗೆ ಬಿಗಿ ಇರೋದು ಎಷ್ಟೋ ಸಲ ಎರಡು ಹೆಗಲ ಮೂಳೆಗಳ ನಡುವೆ.

ಇನ್ನು ಕೈ ಹಾಕಬಾರದ ಜಾಗಗಳು. ಕತ್ತಿನ ಮುಂಭಾಗ, ಕಂಕುಳು, ಮೊಣಕೈ ಒಳಮಗ್ಗುಲು (ಬಾಗಿಲಿಗೆ ತಗುಲಿದರೆ ಜುಂ ಅನ್ನುತ್ತಲ್ಲ, ಅದೇ), ತೊಡೆಸಂದು, ಮೊಣಕಾಲ ಹಿಂದಿನ ಗುಂಡಿ. ಇಲ್ಲೆಲ್ಲ ರಕ್ತನಾಳ, ನರಗಳು ಮೇಲೇ ಇರುತ್ತವೆ, ಅವನ್ನು ಕಾಯೋಕೆ ದಪ್ಪ ಸ್ನಾಯು ಇಲ್ಲ. ಕತ್ತಿನ ಎರಡೂ ಪಕ್ಕ ಒಟ್ಟಿಗೆ ಅದುಮಿದರೆ ಮನುಷ್ಯ ತಲೆ ತಿರುಗಿ ಬೀಳಬಹುದು. ಬೆರಳಿಗೆ ನಾಡಿ ಬಡಿತ ಸಿಕ್ಕಿತಾ, ಕೈ ತೆಗೆ. ಬೆನ್ನಲ್ಲಿ ಕೊನೆಯ ಪಕ್ಕೆಲುಬಿನ ಆಸುಪಾಸು ಮೂತ್ರಪಿಂಡ ಇರುತ್ತೆ, ಅಲ್ಲಿ ಗುದ್ದೋದು ತಟ್ಟೋದು ಬೇಡ.

"ಅವರೇ ಕಲಿಸುತ್ತಾರೆ" ಅಂದೆಯಲ್ಲ, ಯಾರು ಕಲಿಸುತ್ತಾರೆ ಅಂತ ವಿಚಾರಿಸು. ವೈದ್ಯರು ಪಾಠ ಮಾಡಿ, ಹಳೆಯ ಕೈಯೊಂದು ಪಕ್ಕದಲ್ಲಿ ನಿಂತು ತಿದ್ದುವುದಾದರೆ ಸೇರು. ಮೂರನೇ ದಿನಕ್ಕೇ ರೋಗಿಯ ಮೇಲೆ ಕೈ ಇಡು ಅಂದರೆ ಬೇಡ.

ನಾನು ಸ್ಪಾ ಒಂದರಲ್ಲಿ ಕೆಲಸ ಮಾಡುತ್ತೇನೆ. ಬಿಪಿ ಇದೆಯಾ, ಶುಗರ್ ಇದೆಯಾ ಅಂತ ಕೇಳಿದರೆ ಬಂದವರು "ಮಸಾಜಿಗೆ ಬಂದಿದ್ದೀನಮ್ಮ, ಆಪರೇಷನ್‌ಗಲ್ಲ" ಅಂತ ರೇಗುತ್ತಾರೆ. ಮ್ಯಾನೇಜರ್ ಕೂಡ ಬಿಟ್ಟುಬಿಡು ಅನ್ನುತ್ತಾರೆ. ಕೇಳಲೇಬೇಕಾ?
– ಓದುಗಿ, ಬೆಂಗಳೂರು

ಕೇಳಲೇಬೇಕು. ಯಾಕೆ ಅಂತ ನನ್ನದೇ ಕಥೆ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಆಸ್ಪತ್ರೆಯ ಹೆಸರು ಬೇಡ. ಐವತ್ತರ ಆಸುಪಾಸಿನ ಒಬ್ಬರು ಮುಂಬೈಯಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದರು. "ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ, ಸ್ವಲ್ಪ ಜೋರಾಗಿಯೇ ತಿಕ್ಕಮ್ಮ" ಅಂದರು. ನಾನು ಏನೂ ಕೇಳಲಿಲ್ಲ. ದ್ರೋಣಿಯ (ಎಣ್ಣೆ ಮಾಲೀಶಿಗೆ ಮಲಗಿಸುವ ಮೇಜು) ಮೇಲೆ ಮಲಗಿಸಿ, ಬಿಸಿ ಎಣ್ಣೆ ಕಾಲಿಗೆ ಸುರಿದೂ ಆಗಿತ್ತು. ಅಷ್ಟರಲ್ಲಿ ನಮ್ಮ ಹಿರಿಯಕ್ಕ ಟವೆಲ್ ಇಡೋಕೆ ಒಳಗೆ ಬಂದವರು, ಎರಡೂ ಕಾಲು ನೋಡಿ, ನನ್ನ ಕೈ ಹಿಡಿದರು. ಎಡಗಾಲು ಬಲಗಾಲಿಗಿಂತ ದಪ್ಪ ಇತ್ತು. ಚರ್ಮ ಕೆಂಪಗೆ ಬಿಗಿದಿತ್ತು. ಕೈ ಹಿಂಭಾಗ ಇಟ್ಟು ನೋಡಿದರೆ ಬಿಸಿ. ನನಗೆ ಅದು ಎಣ್ಣೆಯ ಬಿಸಿ ಅನ್ನಿಸಿತ್ತು, ಅಕ್ಕ ಬಲಗಾಲನ್ನೂ ಮುಟ್ಟಿಸಿದರು. ಅದಕ್ಕೂ ಎಣ್ಣೆ ಸುರಿದಿದ್ದೆ, ಅಷ್ಟು ಬಿಸಿ ಇರಲಿಲ್ಲ. ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರೋದು ಕಾಣಿಸಿತು. ಜೋರಾಗಿ ತಿಕ್ಕಿದ್ದರೆ ಆ ಗಡ್ಡೆ ಕಿತ್ತುಕೊಂಡು, ರಕ್ತದ ಜೊತೆ ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದಿತ್ತು. ಮೇಜಿನ ಮೇಲೇ ಪ್ರಾಣ ಹೋಗುವ ವಿಷಯ ಅದು. ಆವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಅದಕ್ಕೇ ಕೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಾರಾ? ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ಇಂಥವು. ಇದ್ದರೆ ಒತ್ತಿದ ಕಡೆಯೆಲ್ಲ ಕಪ್ಪಗಾಗುತ್ತೆ. ಜ್ವರ ಇದೆಯಾ? ಇತ್ತೀಚೆಗೆ ಬಿದ್ದಿದ್ದಾರಾ, ಆಪರೇಷನ್ ಆಗಿದೆಯಾ? ಮೂಳೆ ಸವೆತ ಅಂತ ಡಾಕ್ಟರ್ ಹೇಳಿದ್ದಾರಾ? ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ ಅವರ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಗರ್ಭಿಣಿಯಾ ಅಂತ ಹೆಂಗಸರನ್ನು ಕೇಳೋದು ಮರೆಯಬೇಡಿ, ಹೊಟ್ಟೆ ಕಾಣಿಸದ ತಿಂಗಳಲ್ಲಿ ಅವರಾಗೇ ಹೇಳಲ್ಲ.

ಶುಗರ್ ಬಗ್ಗೆ ಬಿಡಿಸಿ ಕೇಳಿ. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದ ಜೋಮು ಹಿಡಿದಿರುತ್ತೆ. ನೀವು ಎಷ್ಟು ಒತ್ತಿದರೂ "ಇನ್ನೂ ಜೋರಾಗಿ" ಅನ್ನುತ್ತಾರೆ, ಬಿಸಿ ಪೊಟ್ಟಣದ ಶಾಖ ಕೊಟ್ಟರೆ ಸುಟ್ಟಿದ್ದೂ ಗೊತ್ತಾಗಲ್ಲ. ಶಾಖ ಮೊದಲು ನಿಮ್ಮ ಕೈ ಹಿಂಭಾಗಕ್ಕೆ ಮುಟ್ಟಿಸಿ ನೋಡಿ, ಅವರ ಮಾತು ನಂಬಬೇಡಿ. ಇನ್ಸುಲಿನ್ ಈಗತಾನೇ ಚುಚ್ಚಿಕೊಂಡು ಬಂದಿದ್ದರೆ ಚುಚ್ಚಿದ ಜಾಗ ತಿಕ್ಕಬಾರದು. ತಿಕ್ಕಿದರೆ ಔಷಧಿ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಒಮ್ಮೆಗೇ ಇಳಿಯುತ್ತೆ.

ಇದೆಲ್ಲ ಇಂಗ್ಲಿಷರ ಫಾರ್ಮಿನಿಂದ ಬಂದದ್ದು ಅಂತ ನಿಮ್ಮ ಮ್ಯಾನೇಜರ್ ಅಂದುಕೊಂಡಿದ್ದರೆ ವಾಗ್ಭಟನ ಹಳೆಯ ಆಯುರ್ವೇದ ಗ್ರಂಥ ಅಷ್ಟಾಂಗ ಹೃದಯ ತೋರಿಸಿ. ದಿನಾ ಅಭ್ಯಂಗ ಮಾಡಬೇಕು, ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಅಂತ ಹೇಳುವ ವಾಗ್ಭಟ, ಅದರ ಬೆನ್ನಿಗೇ ಯಾರಿಗೆ ಮಾಡಬಾರದು ಅಂತಲೂ ಹೇಳುತ್ತಾನೆ: ಕಫ ಹೆಚ್ಚಾದವರಿಗೆ, ಆಗತಾನೇ ಶೋಧನ (ವಾಂತಿ, ಭೇದಿ ಮಾಡಿಸಿ ಮೈ ಶುದ್ಧ ಮಾಡುವ ಚಿಕಿತ್ಸೆ) ಮಾಡಿಸಿಕೊಂಡವರಿಗೆ, ಅಜೀರ್ಣ ಇರುವವರಿಗೆ. ಮೊದಲಿನ ಸಾಲು ಎಲ್ಲ ಸ್ಪಾಗಳ ಗೋಡೆಯಲ್ಲಿದೆ. ಎರಡನೆಯದನ್ನು ನಾನು ಇವತ್ತಿನವರೆಗೆ ಯಾವ ಗೋಡೆಯ ಮೇಲೂ ಕಂಡಿಲ್ಲ.

ರೇಗುವವರಿಗೆ ಒಂದು ಉಪಾಯ. ನಿಂತು ಪ್ರಶ್ನೆ ಕೇಳಬೇಡಿ, ಕೂತು ಕೇಳಿ. "ಎಲ್ಲಿ ನೋವು, ಯಾವಾಗಿಂದ, ಮಾತ್ರೆ ಏನಾದರೂ ನಡೀತಿದೆಯಾ" ಅಂತ ಹರಟೆಯ ಹಾಗೆ. ಎರಡು ನಿಮಿಷದ ಕೆಲಸ.

ಮಗಳಿಗೆ ಸಿಸೇರಿಯನ್ ಆಗಿ ಹತ್ತು ದಿನ. ಬಾಣಂತಿಗೆ ಎಣ್ಣೆ ಹಚ್ಚಿ ನೀರೆರೆಯುವ ಅಜ್ಜಿ, ಹೊಟ್ಟೆ ಒತ್ತಿ ತಿಕ್ಕಿದರೇ ಒಳಗೆ ಹೋಗೋದು ಅನ್ನುತ್ತಾರೆ. ಮಗಳಿಗೆ ಭಯ. ಏನು ಮಾಡಲಿ?
– ತಾಯಿ, ಶಿರಸಿ

ಹೊಟ್ಟೆ ಮುಟ್ಟಿಸಬೇಡಿ ಅಕ್ಕಾ. ಹೊರಗಿನ ಹೊಲಿಗೆ ಒಣಗಿದ ಹಾಗೆ ಕಂಡರೂ ಒಳಗೆ ಪದರ ಪದರವಾಗಿ ಕೂಡುತ್ತಾ ಇರುತ್ತೆ. ಸಾಮಾನ್ಯವಾಗಿ ಆರು ವಾರ ಕಳೆದು, ಡಾಕ್ಟರ್ ನೋಡಿ ಸರಿ ಅಂದ ಮೇಲೆ ಮಾತ್ರ ಹೊಟ್ಟೆಯ ವಿಷಯ. ಅಲ್ಲಿತನಕ ಡಾಕ್ಟರ್ ಬೇಡ ಅನ್ನದಿದ್ದರೆ ಹೆಗಲು, ಬೆನ್ನಿನ ಮೇಲ್ಭಾಗ, ಕೈ, ಪಾದಕ್ಕೆ ಹಗುರವಾಗಿ ಹಚ್ಚಲಿ. ಮಗುವಿಗೆ ಹಾಲುಣಿಸಿ ಉಣಿಸಿ ಹೆಗಲು ಕಲ್ಲಾಗಿರುತ್ತೆ, ಅವಳಿಗೆ ಬೇಕಾಗಿರೋದೂ ಅಲ್ಲೇ.

ಮೇಲೆ ಮೀನಖಂಡದ ಕಥೆ ಬರೆದೆನಲ್ಲ, ಹೆರಿಗೆಯಾದ ಮೊದಲ ಆರು ವಾರ ಆ ಅಪಾಯ ಜಾಸ್ತಿ, ಸಿಸೇರಿಯನ್ ಆದವರಿಗೆ ಇನ್ನೂ ಜಾಸ್ತಿ. ಒಂದೇ ಕಾಲು ಊದಿದರೆ, ನೋವಿದ್ದರೆ ತಿಕ್ಕಿಸದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದ್ದಕ್ಕಿದ್ದ ಹಾಗೆ ಏದುಸಿರು ಬಂದರೆ ಬೆಳಗಾಗಲಿ ಅಂತಲೂ ಕಾಯಬೇಡಿ.

ಮಗುವಿನ ಮೂಗು ಎಳೆಯೋದು, ಎದೆ ಹಿಂಡಿ ಹಾಲು ತೆಗೆಯೋದು, ಕಿವಿ ಮೂಗಿಗೆ ಎಣ್ಣೆ ಬಿಡೋದು, ಇವು ಮೂರೂ ಬೇಡ. ಅಜ್ಜಿಯನ್ನು ನೋಯಿಸಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗೆ ನೀವುವ ಆ ಕೈ ನಿಮಗೂ ನನಗೂ ಬರಲ್ಲ. ಹೊಟ್ಟೆ ಮಾತ್ರ ಡಾಕ್ಟರ್ ಬೇಡ ಅಂದಿದ್ದಾರೆ ಅಂತ ಡಾಕ್ಟರ ಮೇಲೆ ಹಾಕಿ.

ಪಂಚಕರ್ಮದಲ್ಲಿ ಕೂದಲು ಹೋಗುವ ದಿಕ್ಕಿಗೆ, ಕೆಳಮುಖವಾಗಿ ಎಳೆಯಬೇಕು ಅಂತ ಕಲಿತೆ. ಈಗ ಸ್ವೀಡಿಶ್ ಮಸಾಜ್ ಕ್ಲಾಸಿನಲ್ಲಿ ಹೃದಯದ ಕಡೆಗೇ ಎಳೆಯಿರಿ ಅನ್ನುತ್ತಾರೆ. ಯಾರು ಸರಿ?
– ಓದುಗ, ಮೈಸೂರು

ಇಬ್ಬರೂ ಮಾಡುತ್ತಿರುವ ಕೆಲಸ ಬೇರೆ. ಕಾಲಿನ ರಕ್ತನಾಳಗಳಲ್ಲಿ ಸಣ್ಣ ಸಣ್ಣ ಕವಾಟಗಳಿವೆ. ರಕ್ತವನ್ನು ಮೇಲಕ್ಕೆ ಬಿಡುತ್ತವೆ, ಕೆಳಕ್ಕೆ ಬಿಡಲ್ಲ. ಭಾರ ಹಾಕಿ ಎಳೆಯುವಾಗ ಮೇಲ್ಮುಖವಾಗಿ ಹೋದರೆ ಅವುಗಳ ಜೊತೆ ಹೋದ ಹಾಗೆ, ಕೆಳಕ್ಕೆ ತಳ್ಳಿದರೆ ಎದುರು ಹೋದ ಹಾಗೆ. ಅಭ್ಯಂಗದ ಅನುಲೋಮ ಗತಿಯಲ್ಲಿ, ಅಂದರೆ ನೀವು ಕಲಿತ ಕೂದಲ ದಿಕ್ಕಿನ ಎಳೆತದಲ್ಲಿ, ಅಷ್ಟು ಭಾರ ಇಲ್ಲ, ಅಲ್ಲಿ ಮುಖ್ಯ ಎಣ್ಣೆ. ಹಗುರವಾಗಿ ಕೆಳಗೆ ನೀವಿದರೆ ಏನೂ ಆಗಲ್ಲ. ನನ್ನ ಪದ್ಧತಿ ಇಷ್ಟು: ಕೈ ಹಗುರ ಇದ್ದರೆ ಯಾವ ಕಡೆಯಾದರೂ, ಭಾರ ಹಾಕಿದರೆ ಹೃದಯದ ಕಡೆಗೆ. ಉಬ್ಬಿದ ನರಗಳ ಮೇಲೆ, ಅದೇ ವೆರಿಕೋಸ್ ವೇನ್ ಮೇಲೆ, ಯಾವ ಕಡೆಗೂ ಭಾರ ಬೇಡ.

ಅಂದ ಹಾಗೆ ಸ್ವೀಡಿಶ್ ಅಂದ ಕೂಡಲೇ ಎಲ್ಲರೂ ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಹೆಸರು ಹೇಳುತ್ತಾರೆ. ಆತ (1776–1839) ಮುಖ್ಯವಾಗಿ ವ್ಯಾಯಾಮದ ಮೇಷ್ಟ್ರು. ನಿಮ್ಮ ಕ್ಲಾಸಿನಲ್ಲಿ ಎಫ್ಲರಾಜ್, ಪೆಟ್ರಿಸಾಜ್ ಅಂತ ನಾಲಿಗೆ ತಿರುಚಿಸುತ್ತಾರಲ್ಲ, ಆ ಫ್ರೆಂಚ್ ಹೆಸರುಗಳನ್ನು ಜೋಡಿಸಿ ಚಾಲ್ತಿಗೆ ತಂದದ್ದು ಹಾಲೆಂಡಿನ ಡಾಕ್ಟರ್ ಯೋಹಾನ್ ಮೆಟ್ಸ್‌ಗರ್. ನಾನು ಹೇಳಿಕೊಡುವಾಗ "ನೀವು" (ಅಂದರೆ ಸವರು), "ನಾದು", "ಉಜ್ಜು", "ತಟ್ಟು", "ನಡುಗಿಸು" ಅಂತಲೇ ಹೇಳೋದು. ಚಪಾತಿ ಹಿಟ್ಟು ನಾದಿದವರಿಗೆ ಪೆಟ್ರಿಸಾಜ್ ಅಂದರೇನು ಅಂತ ವಿವರಿಸಬೇಕಾಗಿಲ್ಲ.

ಕಟಿಂಗ್ ಶಾಪಿನಲ್ಲಿ ತಲೆ ಮಾಲೀಶ್ ಆದ ಮೇಲೆ ಕತ್ತು ಹಿಡಿದು ಲಟಕ್ ಅನ್ನಿಸುತ್ತಾರೆ. ಹಾಯಾಗಿರುತ್ತೆ. ಅದನ್ನು ಕಲಿಯಬೇಕು ಅಂತ ಆಸೆ.
– ಓದುಗ, ದಾವಣಗೆರೆ

ಬಿಟ್ಟುಬಿಡಿ. ಮಾಡಿಸಿಕೊಳ್ಳೋದನ್ನೂ ಬಿಡಿ.

ಕತ್ತಿನಲ್ಲಿ ಏಳು ಮೂಳೆ. ಅವುಗಳ ಪಕ್ಕದಲ್ಲಿ ತೂತುಗಳಿವೆ, ಮೇಲಿನ ಆರರ ತೂತುಗಳ ಒಳಗೆ ದಾರ ಪೋಣಿಸಿದ ಹಾಗೆ ಮೆದುಳಿನ ಹಿಂಭಾಗಕ್ಕೆ ಹೋಗುವ ರಕ್ತನಾಳ ಹಾದುಹೋಗುತ್ತೆ. ಜರ್ಕ್ ಕೊಟ್ಟು ತಿರುಚಿದಾಗ ಅದರ ಒಳಪದರ ಹರಿದರೆ ಪಾರ್ಶ್ವವಾಯು ಹೊಡೆಯಬಹುದು. ಎಲ್ಲರಿಗೂ ಆಗಲ್ಲ, ಆದವರಲ್ಲಿ ಕೆಲವರು ಮತ್ತೆ ಮೊದಲಿನ ಹಾಗೆ ಎದ್ದು ನಡೆಯಲ್ಲ. ತಿರುಚೋದು ಹಾಗಿರಲಿ, ಪಾರ್ಲರಿನ ಸಿಂಕಿಗೆ ಕತ್ತು ಹಿಂದಕ್ಕೆ ಬಾಗಿಸಿ ತಲೆ ತೊಳೆಸಿಕೊಂಡ ಐವರು ಹೆಂಗಸರಿಗೆ ಹೀಗಾದದ್ದನ್ನು ಅಮೆರಿಕದ ನ್ಯೂರಾಲಜಿಸ್ಟ್ ಮೈಕೇಲ್ ವೈಂಟ್ರಾಬ್ 1993ರಲ್ಲೇ ಬರೆದಿದ್ದರು. ಲಟಕ್ ಅನ್ನೋದು ಕೀಲಿನ ದ್ರವದಲ್ಲಿ ಗಾಳಿ ಗುಳ್ಳೆಯ ಸದ್ದು, ಮೂಳೆ ಸರಿಯಾಗಿ ಕೂತ ಸದ್ದಲ್ಲ.

ಮಾಲೀಶ್ ಆದ ಮೇಲೆ ಜಾಸ್ತಿ ನೀರು ಕುಡಿಯಿರಿ, ಟಾಕ್ಸಿನ್, ಲ್ಯಾಕ್ಟಿಕ್ ಆಸಿಡ್ ಎಲ್ಲ ಹೊರಗೆ ಹೋಗುತ್ತೆ ಅಂತ ಗಿರಾಕಿಗಳಿಗೆ ಹೇಳೋಕೆ ನಮಗೆ ಕಲಿಸಿದ್ದಾರೆ. ನಿಜವಾ?
– ಓದುಗಿ, ಹುಬ್ಬಳ್ಳಿ

ನೀರು ಕುಡಿಯಲಿ, ಒಳ್ಳೆಯದೇ. ಮಿಕ್ಕಿದ್ದು ಸುಮ್ನೆ ಮಾತು. ಲ್ಯಾಕ್ಟಿಕ್ ಆಸಿಡ್ ಓಡಿ ಬಂದ ಒಂದೆರಡು ಗಂಟೆಯಲ್ಲಿ ತಾನಾಗೇ ಹೋಗಿರುತ್ತೆ. ಮಾರನೇ ದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟಿನದ್ದು. ಟಾಕ್ಸಿನ್ ಅಂದರೆ ಯಾವ ಟಾಕ್ಸಿನ್ ಅಂತ ಗಿರಾಕಿ ಕೇಳಿದರೆ ನೀವು ಏನು ಹೇಳುತ್ತೀರಿ? ಹೊರಗೆ ಹಾಕುವ ಕೆಲಸಕ್ಕೆ ಲಿವರ್, ಕಿಡ್ನಿ ಇದ್ದಾವೆ. ನೋವು ಕಡಿಮೆಯಾಗುತ್ತೆ, ಬಿಗಿ ಸಡಿಲುತ್ತೆ, ನಿದ್ದೆ ಬರುತ್ತೆ ಅಂತ ಹೇಳಿ. ಅಷ್ಟು ನಿಜ ಹೇಳಿದರೂ ಗಿರಾಕಿ ಬರುತ್ತಾರೆ. ಡಿಸ್ಕ್ ಸರಿ ಮಾಡುತ್ತೇನೆ ಅಂತ ಮಾತ್ರ ಯಾವತ್ತೂ ಹೇಳಬೇಡಿ.

ಈ ಕೆಲಸಕ್ಕೆ ಬಂದು ಆರು ವರ್ಷ. ಈಗ ನನ್ನ ಹೆಬ್ಬೆರಳುಗಳೇ ಹೋಗಿವೆ. ನೀರಿನ ಬಾಟಲಿ ಮುಚ್ಚಳ ತೆಗೆಯೋಕೂ ನೋವು. ಕೆಲಸ ಬಿಡಬೇಕಾ?
– ಓದುಗ, ಉಡುಪಿ

ಇದು ನಮ್ಮ ಕೆಲಸದವರ ದೊಡ್ಡ ಕಾಯಿಲೆ, ಕೋರ್ಸಿನಲ್ಲಿ ಯಾರೂ ಹೇಳಲ್ಲ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ, ಎರಡು ಮೂರು ವಾರ ಹೆಬ್ಬೆರಳಿಗೆ ರಜೆ ಕೊಡಿ. ಆಮೇಲೆ ಕೆಲಸ ಮಾಡುವ ರೀತಿ ಬದಲಾಯಿಸಿ.

ನಿಮ್ಮ ಮೇಜಿನ ಪಕ್ಕ ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿಯಿರಿ. ಮುಷ್ಟಿಯ ಗೆಣ್ಣು ಮೇಜಿಗೆ ತಾಗುವಷ್ಟು ಎತ್ತರ ಸಾಕು. ಮೇಜು ಅದಕ್ಕಿಂತ ಎತ್ತರ ಇದ್ದರೆ ನಿಮ್ಮ ಮೈಭಾರ ಕೆಲಸಕ್ಕೆ ಬರಲ್ಲ, ತೋಳು, ಬೆರಳಿನಿಂದಲೇ ಒತ್ತುತ್ತೀರಿ. ಅಲ್ಲೇ ಹೆಬ್ಬೆರಳು ಹೋಗೋದು. ದ್ರೋಣಿ ಎತ್ತರ ಬದಲಾಯಿಸೋಕೆ ಆಗಲ್ಲ, ನಾನು ಅಗಲದ ಒಂದು ಹಲಗೆ ಮಾಡಿಸಿಕೊಂಡು ಅದರ ಮೇಲೆ ನಿಲ್ಲುತ್ತಿದ್ದೆ. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಅದನ್ನೇ ಎಳೆದುಕೊಂಡು ಹೋಗುತ್ತಿದ್ದರು.

ನಿಲ್ಲೋದು ಹೇಗೆ? ಕೆಟ್ಟು ನಿಂತ ಆಟೋ ತಳ್ಳುವಾಗ ಹೇಗೆ ನಿಲ್ಲುತ್ತೀರೋ ಹಾಗೆ. ಒಂದು ಕಾಲು ಮುಂದೆ, ಹಿಂದಿನ ಹಿಮ್ಮಡಿಯಿಂದ ತಳ್ಳು, ಬೆನ್ನು ನೆಟ್ಟಗೆ. ಯಾರೂ ಆಟೋವನ್ನು ಹೆಬ್ಬೆರಳಿನಿಂದ ತಳ್ಳಲ್ಲ. ಬೆನ್ನು, ತೊಡೆಯಂಥ ದೊಡ್ಡ ಜಾಗಕ್ಕೆ ಮುಂಗೈಯ (ಮೊಣಕೈಗೂ ಮಣಿಕಟ್ಟಿಗೂ ನಡುವಿನದು) ಅಗಲವಾದ ಭಾಗ ಬಳಸಿ, ಆಳಕ್ಕೆ ಬೇಕಾದರೆ ಮೊಣಕೈ, ಅದೂ ನಿಧಾನವಾಗಿ, ಎಲ್ಲಿಟ್ಟಿದ್ದೀರಿ ಅಂತ ನೋಡಿಕೊಂಡು. ಹೆಬ್ಬೆರಳು ಹುಡುಕೋಕೆ ಮಾತ್ರ, ಬಿಗಿ ಎಲ್ಲಿದೆ ಅಂತ. ಒತ್ತಲೇಬೇಕು ಅಂದರೆ ನೆಟ್ಟಗೆ ಇಟ್ಟು ಇನ್ನೊಂದು ಕೈಯ ಆಸರೆ ಕೊಡಿ, ಹಿಂದಕ್ಕೆ ಬಗ್ಗಿಸಿಕೊಂಡು ಒತ್ತಬೇಡಿ. ದಿನಕ್ಕೆ ಐದಕ್ಕಿಂತ ಜಾಸ್ತಿ ಪೂರ್ತಿ ಮೈ ಮಾಲೀಶ್ ನಾನಂತೂ ಒಪ್ಪಿಕೊಳ್ಳುತ್ತಿರಲಿಲ್ಲ. ಮಾಲೀಕರಿಗೆ ಸಿಟ್ಟು ಬರುತ್ತಿತ್ತು, ಬರಲಿ.

ಮನೆಯಲ್ಲಿ, ನೆಂಟರಲ್ಲಿ "ಆಸ್ಪತ್ರೆಯಲ್ಲಿ ಕೆಲಸ" ಅಂತ ಮಾತ್ರ ಹೇಳಿದ್ದೇನೆ. ಮಸಾಜ್ ಅಂದರೆ ಜನ ನೋಡುವ ರೀತಿಯೇ ಬೇರೆ. ಈಗ ಸೇರಿರುವ ಕಡೆ ಗಂಡಸರಿಗೂ ಮಾಡಬೇಕು. ಒಬ್ಬಾತ ಮಾತಿನಲ್ಲಿ ಎಲ್ಲೆ ಮೀರಿದ. ಮ್ಯಾನೇಜರ್ ನಕ್ಕುಬಿಟ್ಟರು.
– ಓದುಗಿ, ಮಂಗಳೂರು

ತಂಗೀ, ನಾನೂ ಆರು ವರ್ಷ ಹಾಗೇ ಹೇಳಿಕೊಂಡು ಬಂದವಳು.

ಮೊದಲು ನಿನ್ನ ಕೋಣೆಯ ನಿಯಮ. ಕೆಲಸ ಮಾಡುವ ಭಾಗ ಮಾತ್ರ ತೆರೆದಿರಬೇಕು, ಮಿಕ್ಕ ಮೈಗೆಲ್ಲ ಹೊದಿಕೆ. ಬೆನ್ನು ಮುಗಿದರೆ ಬೆನ್ನು ಮುಚ್ಚಿ ಆಮೇಲೆ ಕಾಲು. ಇದು ಅವರ ಮಾನಕ್ಕೂ ನಿನ್ನ ಮಾನಕ್ಕೂ. ಶುರು ಮಾಡುವ ಮೊದಲೇ ಎಲ್ಲೆಲ್ಲಿ ಮಾಲೀಶ್ ಮಾಡುತ್ತೇನೆ, ಎಲ್ಲಿ ಮಾಡಲ್ಲ ಅಂತ ಬಾಯಿಬಿಟ್ಟು ಹೇಳು. ಅವರೂ ಯಾವಾಗ ಬೇಕಾದರೂ ಸಾಕು ಅನ್ನಬಹುದು, ನೀನೂ ಅನ್ನಬಹುದು. ಯಾರಾದರೂ ಎಲ್ಲೆ ಮೀರಿದರೆ ನಗಬೇಡ, ಸಮಜಾಯಿಷಿ ಬೇಡ. ಕೈ ತೆಗೆ. "ಇಲ್ಲಿಗೆ ಮುಗೀತು" ಅನ್ನು. ಬಾಗಿಲು ತೆರೆದು ಹೊರಗೆ ಬಾ. ದುಡ್ಡಿನ ಲೆಕ್ಕ ಮಾಲೀಕರದ್ದು.

ಮ್ಯಾನೇಜರ್ ನಕ್ಕರು ಅಂದೆಯಲ್ಲ, ಅದು ಗಿರಾಕಿ ಮಾಡಿದ್ದಕ್ಕಿಂತ ದೊಡ್ಡದು. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಒಳಗೇ ಒಂದು ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಏನಾಯ್ತು, ಯಾವ ದಿನ, ಎಷ್ಟು ಗಂಟೆಗೆ ಅಂತ ಇವತ್ತೇ ಬರೆದಿಡು. ಜೊತೆಗೆ ಬೇರೆ ಕೆಲಸ ಹುಡುಕು. ಹೆಂಗಸರಿಗೆ ಹೆಂಗಸರೇ ಮಾಡುವ ಪಂಚಕರ್ಮ ವಿಭಾಗಗಳು ನಿಮ್ಮ ಕರಾವಳಿಯಲ್ಲಿ ಬೇಕಾದಷ್ಟಿವೆ.

ಮನೆಯವರಿಗೆ ಯಾವಾಗ ಹೇಳಬೇಕು ಅನ್ನೋದು ನಿನಗೆ ಬಿಟ್ಟದ್ದು. ನಾನು ಹೇಳಿದ್ದು ನಮ್ಮ ಸೋದರತ್ತೆ ಹೆಗಲು ಎತ್ತೋಕಾಗದೆ ಕೂತಾಗ. ಮೂರು ವಾರ ಆದ ಮೇಲೆ ಅವರೇ ಊರಿಗೆಲ್ಲ ಹೇಳಿಬಿಟ್ಟರು.

ನಾನು ಟೆಕ್ಸಸ್‌ನ ಡಲ್ಲಾಸ್‌ನಲ್ಲಿದ್ದೇನೆ. ಊರಲ್ಲಿ ಪಂಚಕರ್ಮ ಕಲಿತಿದ್ದೆ. ಇಲ್ಲಿ ಕನ್ನಡದ ಗೆಳತಿಯರು ಮಾಡಿಕೊಡು ಅನ್ನುತ್ತಾರೆ. ದುಡ್ಡು ತಗೊಳ್ಳಬಹುದಾ?
– ಓದುಗಿ, ಅಮೆರಿಕ

ಲೈಸೆನ್ಸ್ ಇಲ್ಲದೆ ತಗೊಳ್ಳಬೇಡಿ. ಟೆಕ್ಸಸ್‌ನಲ್ಲಿ 500 ಗಂಟೆಯ ತರಬೇತಿ, ಎಂಬಿಎಲ್‌ಇಎಕ್ಸ್ ಅನ್ನುವ ಪರೀಕ್ಷೆ, ಆಮೇಲೆ ರಾಜ್ಯದ ಲೈಸೆನ್ಸ್. ನಾಳೆ ನ್ಯೂಯಾರ್ಕಿಗೆ ಹೋದರೆ ಅಲ್ಲಿ 1000 ಗಂಟೆ. ರಾಜ್ಯಕ್ಕೊಂದು ಕಾನೂನು. ವೀಸಾದ ಮೇಲೆ ಕೆಲಸ ಮಾಡುವ ಅನುಮತಿ ಇದೆಯಾ ಅನ್ನೋದು ಬೇರೆಯೇ ವಿಷಯ, ಲೈಸೆನ್ಸ್ ಸಿಕ್ಕರೂ ಅದು ಬೇಕು. ಗೆಳತಿಯರಿಗೆ ಸದ್ಯ ಹೇಗೆ ಹಚ್ಚಿಕೊಳ್ಳೋದು ಅಂತ ತೋರಿಸಿಕೊಡಿ. ಕಾಫಿ ಕೊಡಲಿ.

ಎಣ್ಣೆ ಹತ್ತಿದ ಟವೆಲ್‌ಗಳ ವಾಸನೆ ಹೋಗುತ್ತಿಲ್ಲ. ಡ್ರೈಯರ್‌ನಲ್ಲಿ ಎರಡು ಸಲ ಹಾಕಿದರೂ ಅಷ್ಟೇ. ಏನಾದರೂ ಉಪಾಯ?
– ಸಣ್ಣ ಪಂಚಕರ್ಮ ಕೇಂದ್ರ ನಡೆಸುವವರು, ಶಿವಮೊಗ್ಗ

ವಾಸನೆ ಆಮೇಲೆ. ಎಣ್ಣೆ ಪೂರ್ತಿ ಹೋಗದ ಟವೆಲ್ ಡ್ರೈಯರಿಗೆ ಹಾಕಬೇಡಿ, ಬೆಂಕಿ ಹತ್ತಿಕೊಳ್ಳುತ್ತೆ. ತಮಾಷೆಯಲ್ಲ. ಎಳ್ಳೆಣ್ಣೆಯಂಥ ಎಣ್ಣೆಗಳು ಗಾಳಿಯ ಜೊತೆ ಸೇರಿ ತಾವಾಗೇ ಬಿಸಿಯಾಗುತ್ತವೆ. ಡ್ರೈಯರಿನಿಂದ ಬಿಸಿಬಿಸಿ ತೆಗೆದು ಮಡಚಿ ಒಂದರ ಮೇಲೊಂದು ಪೇರಿಸಿದರೆ ಆ ಶಾಖ ಒಳಗೇ ಉಳಿದು, ರಾತ್ರಿ ಯಾರೂ ಇಲ್ಲದಾಗ ಹೊಗೆಯಾಡೋಕೆ ಶುರುವಾಗುತ್ತೆ. ಬಳಸಿದ ದಿನವೇ ಬಿಸಿ ನೀರು, ಸೋಡಾ ಪುಡಿ, ಸೋಪಿನಲ್ಲಿ ಒಂದು ಗಂಟೆ ನೆನೆಸಿ ಒಗೆಯಿರಿ. ಹೊರಗೆ ಹಗ್ಗದ ಮೇಲೆ ಬಿಸಿಲಿಗೆ ಹಾಕಿ. ಮಳೆಗಾಲದಲ್ಲಿ ನಿಮ್ಮೂರಲ್ಲಿ ಒಣಗಲ್ಲ, ಗೊತ್ತು, ಫ್ಯಾನ್ ಕೆಳಗೆ ಹರಡಿ. ಇಷ್ಟಾದರೂ ಮುಗ್ಗಲು ವಾಸನೆ ಬರುವ ಟವೆಲ್ ಇದ್ದರೆ ಅದನ್ನು ನೆಲ ಒರೆಸೋಕೆ ಇಟ್ಟುಕೊಂಡು ಹೊಸದು ತನ್ನಿ.